ಸಂಘ ಬಿಟ್ಟವಳ ಡೈರಿ

ನಮ್ಮ ಕಂಪ್ಯೂಟರಿಗೆ ಬಾಯಿಪಾಠವಾಗಿದ್ದದ್ದು ಒಂದೇ ವಾಕ್ಯ: “ಕ್ಷಮಿಸಿ, ತಮಗೆ ಯಾವುದೇ ಯೋಜನೆ ಅನ್ವಯಿಸುವುದಿಲ್ಲ.” ಅದು ಕೆಂಪು ಚೌಕದೊಳಗೆ ಮೂಡುತ್ತಿತ್ತು. ಮೂಡಿದ್ದನ್ನು ನಾನು ರೇಡಿಯೋ ವಾರ್ತೆಯವರ ಗಂಟಲಲ್ಲಿ ಓದಿ ಹೇಳುತ್ತಿದ್ದೆ. ಮೊದಮೊದಲು ಜನ ನಕ್ಕರು. ಆಮೇಲೆ ನಗುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡತೊಡಗಿದರು, ಚೌಕ ಕೆಂಪಾದದ್ದು ನನ್ನ ಕೈವಾಡದಿಂದಲೇ ಎಂಬಂತೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಶಿವಮೊಗ್ಗದ ಒಂದು ಧರ್ಮಾರ್ಥ ಆಸ್ಪತ್ರೆ. ಅದರ ಹೊರರೋಗಿ ವಿಭಾಗದಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕ, ಒಂದು ಮೇಜು, ಒಂದು ಕಂಪ್ಯೂಟರು, ನಾನು. ವಿಮೆ ಇಲ್ಲದ ರೋಗಿ ಬಂದರೆ ಕಂಪ್ಯೂಟರಿನಲ್ಲಿದ್ದ ಪ್ರಶ್ನೆಗಳನ್ನು ನಾನು ಓದಿ ಹೇಳಬೇಕು, ಅವರ ಉತ್ತರಕ್ಕೆ ‘ಹೌದು’ ಅಥವಾ ‘ಇಲ್ಲ’ ಒತ್ತಬೇಕು. ಈ ಮನುಷ್ಯನ ಚಿಕಿತ್ಸೆಗೆ ಸರ್ಕಾರದ್ದೋ, ಕಾರ್ಮಿಕರದ್ದೋ, ಸಹಕಾರಿಗಳದ್ದೋ ಯಾವ ಯೋಜನೆ ಸಿಗಬಹುದು ಎಂದು ಕೊನೆಗೆ ಯಂತ್ರ ಹಸಿರು ಚೌಕದಲ್ಲಿ ಹೇಳುತ್ತದೆ. ಹೇಳುತ್ತದೆ ಎಂದು ಪ್ರೋಗ್ರಾಂ ಬರೆದವರು ಹೇಳಿದ್ದರು. ಹಸಿರು ಚೌಕವನ್ನು ಮೊದಲ ವಾರಗಳಲ್ಲಿ ನಾನು ಕಂಡದ್ದು ತರಬೇತಿಯ ದಿನ ಮಾತ್ರ, ಅವರು ಯಾರೋ ಇಲ್ಲದ ರೋಗಿಯ ಹೆಸರು ಹಾಕಿ ತೋರಿಸಿದಾಗ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಸಮಾಜಸೇವಾ ವಿಭಾಗದ ಮೇಡಂ. ಕನ್ನಡ ಟೈಪಿಂಗ್ ಚೆನ್ನಾಗಿದೆ ಎಂಬ ಕಾರಣಕ್ಕೆ. ಕಂಡವರ ದನಿಯನ್ನೆಲ್ಲ ನಾನು ಅಣಕಿಸುತ್ತೇನೆ ಎಂಬುದು ಅವರಿಗೆ ಗೊತ್ತಾದದ್ದು ಆಮೇಲೆ, ಅವರದೇ ದನಿಯಲ್ಲಿ ಕ್ಯಾಂಟೀನಿಗೆ ಫೋನ್ ಮಾಡಿ ನಾನು ಕಾಫಿ ತರಿಸಿಕೊಂಡ ದಿನ. ಅಂದಿನಿಂದ ನಾನು ಏನೇ ಹೇಳಿದರೂ ಅವರು ಕನ್ನಡಕ ಕೆಳಗಿಳಿಸಿ, “ಇದು ನೀನೇ ಹೇಳ್ತಿರೋದಾ, ಇಲ್ಲಾ ಮಿಮಿಕ್ರಿನಾ?” ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಅನುಮಾನದಲ್ಲಿ ನಮ್ಮ ರೋಗಿಗಳು ಅವರಿಗಿಂತ ಒಂದು ಕೈ ಮೇಲು.

ವಾರಕ್ಕೊಮ್ಮೆ ಭದ್ರಾವತಿಯಲ್ಲಿ ಶಿಬಿರ ಇರುತ್ತಿತ್ತು. ಕಾರ್ಖಾನೆ ಕಡೆಯ ಒಂದು ಶಾಲೆಯ ಕೋಣೆ. ಕಂಪ್ಯೂಟರನ್ನು ಅಲ್ಲಿಗೆ ಸಾಗಿಸುತ್ತಿದ್ದದ್ದು ಒಬ್ಬ ಲಗೇಜ್ ಆಟೋದ ಭಾಯ್. ಮಾನಿಟರನ್ನು ನಾನು ಮಡಿಲಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೆ. ಹಂಪು ಬಂದಾಗಲೆಲ್ಲ ಭಾಯ್ ಹಿಂತಿರುಗಿ, “ಸಂಭಾಲ್ಕೇ ಭಾಯ್, ಬಾಣಂತಿ ಥರ ಹಿಡ್ಕೋ,” ಎನ್ನುತ್ತಿದ್ದ.

ಎರಡನೆಯ ಶಿಬಿರದಲ್ಲೇ ಎಡವಟ್ಟಾಯಿತು. ಹೊಟ್ಟೆಯಲ್ಲಿ ಕಲ್ಲಾಗಿದ್ದ ಒಬ್ಬರು ಎದುರು ಕೂತಿದ್ದರು. ಮನೆಯಲ್ಲಿ ಟಿ.ವಿ. ಇದೆಯೇ ಎಂಬ ಪ್ರಶ್ನೆಗೆ ಅವರು “ಇಲ್ಲ ಸಾರ್” ಎನ್ನುವುದಕ್ಕೂ ಕರೆಂಟು ಹೋಗಿ ಮೇಜಿನ ಕೆಳಗಿದ್ದ ಯುಪಿಎಸ್ ‘ಕುಂಯ್, ಕುಂಯ್’ ಎಂದು ಕೂಗುವುದಕ್ಕೂ ಸರಿಹೋಯಿತು. ಅವರು ಕೈಮುಗಿದು ಎದ್ದೇಬಿಟ್ಟರು. “ಇದೆ ಸಾರ್, ಇದೆ! ಬ್ಲ್ಯಾಕ್ ಅಂಡ್ ವೈಟು. ಅದೂ ನಮ್ ಮಾವಂದು!”

ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಜಾರಿದರು. ತಮಿಳಿನಲ್ಲೂ ತೆಲುಗಿನಲ್ಲೂ ಸುದ್ದಿ ಓಡಾಡಿತು: ಸುಳ್ಳು ಹೇಳಿದರೆ ಕೂಗುವ ಮಿಷಿನ್ನಂತೆ, ರೇಷನ್ ಕಾರ್ಡ್ ಕಿತ್ತುಕೊಳ್ಳಲು ಸರ್ಕಾರ ಕಳಿಸಿದೆಯಂತೆ. ಅಲ್ಲಿಂದಾಚೆ ಬಂದವರೆಲ್ಲ ಎಲ್ಲ ಪ್ರಶ್ನೆಗೂ ಇಲ್ಲ ಎಂದರು. ಮನೆ ಇಲ್ಲ, ದನ ಇಲ್ಲ, ಕೆಲಸ ಇಲ್ಲ. ಒಬ್ಬರಂತೂ ವಯಸ್ಸನ್ನೂ ಇಲ್ಲ ಎಂದರು. ನನಗೂ ಅವರ ಮೇಲೆ ಗುಮಾನಿ ಹುಟ್ಟಿತು. ಈ ಜಿಲ್ಲೆಯ ಜನ ಏನೂ ಇಲ್ಲದೆ ಹೇಗೆ ಬದುಕಿದ್ದಾರೆ ಮಾರಾಯ ಎಂದು ಭಾಯ್‌ಗೆ ಹೇಳಿದೆ. “ನಿನ್ ಮುಖ ನೋಡಿದ್ರೆ ನಾನೂ ಆಟೋ ನಂದಲ್ಲ ಅಂತೀನಿ,” ಎಂದ.

ಎಲ್ಲಕ್ಕಿಂತ ಮುಖ್ಯವಾದದ್ದು ಹದಿನಾಲ್ಕನೇ ಪ್ರಶ್ನೆ: “ತಾವು ಯಾವುದಾದರೂ ಸಹಕಾರ ಸಂಘದ ಸದಸ್ಯರೇ?” ಸಹಕಾರಿಗಳ ಆರೋಗ್ಯ ಯೋಜನೆ ಆಗ ಹೊಸದು, ದೊಡ್ಡ ದೊಡ್ಡ ಆಪರೇಷನ್ನುಗಳ ಖರ್ಚನ್ನೂ ಕೊಡುತ್ತಿತ್ತು. ಆ ಪ್ರಶ್ನೆಗೂ ಎಲ್ಲರದ್ದೂ ಇಲ್ಲ. ನಾನು ತಲೆ ಓಡಿಸಿದೆ. ಈ ಊರಲ್ಲಿ ಸಹಕಾರ ಸಂಘ ಎಂದು ಬಾಯಿಬಿಟ್ಟು ಹೇಳುವವರು ಯಾರಿದ್ದಾರೆ? ಎಲ್ಲರೂ ಸೊಸೈಟಿ ಎನ್ನುತ್ತಾರೆ. ಮುಂದಿನ ಶಿಬಿರದಲ್ಲಿ, “ಸೊಸೈಟಿ ಇದೆಯಾ?” ಎಂದು ಕೇಳಿದೆ.

“ಐತೆ ಸಾರ್!”

ಹಸಿರು. ಮುಂದಿನವರು, ಹಸಿರು. ಅದರ ಮುಂದಿನವರೂ ಹಸಿರು. ಅಷ್ಟೂ ಜನರನ್ನು ಚೀಟಿ ಕೊಟ್ಟು ಸಹಕಾರ ಇಲಾಖೆಯ ಕಚೇರಿಗೆ ಕಳಿಸಿ, ನನಗೇ ಒಂದು ಸನ್ಮಾನ ಆಗಬೇಕು ಎಂದುಕೊಂಡೆ. ಮರುದಿನ ಅಲ್ಲಿಂದ ಫೋನು. “ಏನಪ್ಪಾ, ಸೀಮೆಎಣ್ಣೆ ಕ್ಯೂನ ನಮ್ಮಾಫೀಸಿಗೆ ತಿರುಗ್ಸಿದೀಯಾ? ಎಲ್ರೂ ಡಬ್ಬ ಹಿಡ್ಕೊಂಡ್ ಬರೋದೊಂದು ಬಾಕಿ!”

ನಮ್ಮ ಜನರಿಗೆ ಸೊಸೈಟಿ ಎಂದರೆ ರೇಷನ್ ಅಂಗಡಿ. ನಮ್ಮ ಮನೆಯಲ್ಲೂ ಅದೇ. ಹೊಸಮನೆ ಬಡಾವಣೆಯ ಸೊಸೈಟಿ ಕ್ಯೂನಲ್ಲಿ ಚೀಲ ಹಿಡಿದು ನಿಂತೇ ಬೆಳೆದವನು ನಾನು. ಆದರೂ ಹೊಳೆದಿರಲಿಲ್ಲ. ಮೇಡಂ ಕರೆಸಿದರು. “ಪ್ರಶ್ನೆ ಹೇಗಿದೆಯೋ ಹಾಗೇ ಓದು. ನಿನ್ನ ಬುದ್ಧಿ ಬೆರೆಸಬೇಡ.” ಮತ್ತೆ ಸಹಕಾರ ಸಂಘಕ್ಕೆ ಮರಳಿದೆ. ಮತ್ತೆ ಚೌಕವೆಲ್ಲ ಕೆಂಪು.

ಆಗ ಶಿಬಿರಕ್ಕೆ ಬಂದವರು ಒಬ್ಬ ಅಕ್ಕ. ಮಲವಗೊಪ್ಪದಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯವರು. ಸೊಂಟದಲ್ಲೊಂದು ಮಗು, ಕೈಯಲ್ಲಿ ಎಕ್ಸ್‌ರೇ ಕವರು, ಹಿಂದೆ ಗಂಡ. ಅಕ್ಕ ಎಂದ ಮೇಲೆ ಅವರು ನನಗೆ ಭಾವ. ಭದ್ರಾವತಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ. ವರ್ಕ್‌ಶಾಪಿನವರು ಕಾರ್ಮಿಕರ ವಿಮೆ ಮಾಡಿಸಿರಲಿಲ್ಲ. ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು. ಹೃದಯದ ಒಂದು ವಾಲ್ವ್ ಕಿರಿದಾಗಿದೆ, ಹೊರಗಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಗಲೇಬೇಕು ಎಂದು ನಮ್ಮ ಡಾಕ್ಟರು ಬರೆದಿದ್ದರು. ಮನೆ ಮಾರಿದರೂ ಮುಗಿಯದ ಖರ್ಚು.

“ಅಳತೆ ಕೊಟ್ರೆ ವಾಲ್ವ್ ನಾನೇ ಟರ್ನಿಂಗ್ ಮಾಡ್ಕೋತಿದ್ದೆ ಸಾರ್,” ಎಂದರು ಭಾವ. ನನಗೆ ತಕ್ಷಣ ಇಷ್ಟವಾದರು.

ಅಕ್ಕ ನಗಲಿಲ್ಲ. ಮಾನಿಟರಿನ ಹಿಂಬದಿಯನ್ನು ಬಗ್ಗಿ ನೋಡಿ ಬಂದು ಕೂತರು.

“ಮಕ್ಕಳೆಷ್ಟು ಅಕ್ಕ?”

“ಇಲ್ಲ.”

ಸೊಂಟದಲ್ಲಿದ್ದದ್ದನ್ನು ನೋಡಿದೆ. ಅದೂ ನನ್ನನ್ನು ನೋಡಿತು.

“ಇದು?”

“ಇದು ನಮ್ದೇ. ಅದೆಲ್ಲ ಬರ್ಕೋಬೇಡಿ.”

“ಸಹಕಾರ ಸಂಘದ ಸದಸ್ಯರೇ?”

“ಸಂಘ ಬಿಟ್ಟು ವರ್ಷ ಆಯ್ತು. ಅವ್ರ ಜೊತೆ ನಂಗಾಗಲ್ಲ. ಮೀಟಿಂಗಿಗೆ ಬರ್ಲಿಲ್ಲ ಅಂತ ದಂಡ ಹಾಕ್ತಾರೆ.”

ಇಲ್ಲ ಎಂದು ಒತ್ತಿದೆ. ಕೆಂಪು ಚೌಕ ಬಂತು. ಅಂದು ಮಾತ್ರ ವಾರ್ತೆಯವರ ದನಿ ತೆಗೆಯಲು ಬಾಯಿ ಬರಲಿಲ್ಲ. ಸುಮ್ಮನೆ ತಲೆಯಾಡಿಸಿದೆ. ಅಕ್ಕ ಎದ್ದು ಗಂಡನಿಗೆ ಹೇಳಿದರು: “ಏಳ್ರಿ ಹೋಗಣ. ಹೇಳ್ಲಿಲ್ವಾ ನಾನು, ಇವ್ರು ಬರ್ಕೊಳ್ಳೋರೇ ಹೊರ್ತು ಕೊಡೋರಲ್ಲ. ಬೇಗ ಏಳ್ರಿ, ಡೈರಿ ಮುಚ್ಚುತ್ತೆ.”

ಸಾಮಾನು ಕಟ್ಟಿ ಭಾಯ್ ಜೊತೆ ಚಹಾ ಕುಡಿಯುವಾಗ ಅಂದಿನವರನ್ನೆಲ್ಲ ಅಣಕಿಸಿ ತೋರಿಸುವುದು ನಮ್ಮ ರೂಢಿ. ಅಕ್ಕನ ಸರದಿ ಬಂತು. ಇಲ್ಲದ ಮಗುವನ್ನು ಸೊಂಟಕ್ಕೇರಿಸಿ, ಮೂಗು ಮುರಿದು, “ಬೇಗ ಏಳ್ರಿ, ಡೈರಿ ಮುಚ್ಚುತ್ತೆ,” ಎಂದೆ. ಭಾಯ್ ನಕ್ಕ. ನಾನು ನಗಲಿಲ್ಲ. ಕಿವಿಯಿಂದ ಕೇಳಿದಾಗ ತಾಗದ ಮಾತು ನನ್ನದೇ ಬಾಯಿಂದ ಹೊರಬಿದ್ದಾಗ ತಾಗಿತು.

“ಭಾಯ್, ಡೈರಿ ಅಂದ್ರೆ ಏನು?”

“ಹಾಲಿಂದು. ಮತ್ತೇನು, ಲೆಕ್ಕ ಬರಿಯೋ ಡೈರಿ ಮುಚ್ಚುತ್ತಾ?”

ಹಳ್ಳಿಯ ಹಾಲಿನ ಡೈರಿಯೇ ಹಾಲು ಉತ್ಪಾದಕರ ಸಹಕಾರ ಸಂಘ. ಬೋರ್ಡಿನ ಮೇಲೆ ಉದ್ದಕ್ಕೆ ಹಾಗೆಂದೇ ಬರೆದಿರುತ್ತದೆ, ಯಾರೂ ಓದುವುದಿಲ್ಲ. ಅಲ್ಲಿಗೆ ಹಾಲು ಹಾಕುವ ಸದಸ್ಯರಿಗೆ ಸಹಕಾರಿಗಳ ಯೋಜನೆ ಇದೆ. ಅಕ್ಕ ಬಿಟ್ಟದ್ದು ಹೆಂಗಸರ ಉಳಿತಾಯದ ಸಂಘವನ್ನು. ಅವರ ಪಾಲಿಗೆ ಸಂಘ ಎಂದರೆ ಅದು, ಸೊಸೈಟಿ ಎಂದರೆ ಸೀಮೆಎಣ್ಣೆ, ಸಹಕಾರ ಸಂಘಕ್ಕೆ ಅವರ ಬಾಯಲ್ಲಿದ್ದ ಹೆಸರು ಬರೀ ಡೈರಿ. ಇದನ್ನು ನಮ್ಮ ಕಂಪ್ಯೂಟರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮರುದಿನ ಸಂಜೆ ಭಾಯ್ ಆಟೋದಲ್ಲಿ ಆ ಹಳ್ಳಿಗೆ ಹೋದೆ. ಡೈರಿಯ ಸೆಕ್ರೆಟರಿ ಹಾಲಿನ ಸ್ಯಾಂಪಲ್ಲು ಪರೀಕ್ಷೆ ಮಾಡುತ್ತಿದ್ದವರು ನನ್ನ ಇಸ್ತ್ರಿ ಅಂಗಿಯನ್ನು ನೋಡಿದ್ದೇ ಕೈಬಿಟ್ಟರು.

“ಹೇಳಿ, ಹೇಳಿ, ಹೇಳಿ. ಆಡಿಟಾ?”

ಮೂರು ಸಲ ಹೇಳಿ ಎನ್ನುವುದು ಅವರ ವಾಡಿಕೆ. ಆ ಮೂರು ಹೇಳಿಗಳ ಆಚೆಗೆ ನನ್ನನ್ನು ಹೇಳಲು ಬಿಡಲಿಲ್ಲ. ಆಡಿಟ್ ಅಲ್ಲ ಎಂದೆ. ಹಾಗಾದರೆ ಎಲೆಕ್ಷನ್ನಿಗೆ ನಿಂತಿರುವ ಎದುರು ಪಾರ್ಟಿಯವರು ಕಳಿಸಿದ್ದಾರೆ ಎಂದರು. ಆಸ್ಪತ್ರೆಯವನು ಎಂದೆ. “ಆಸ್ಪತ್ರೆಯೋರು ಲಗೇಜ್ ಆಟೋದಲ್ಲಿ ಬರ್ತಾರಾ?” ಎಂದರು. ಗುರುತಿನ ಚೀಟಿ ತೋರಿಸಿದರೆ ಅದರ ಫೋಟೋ ನನ್ನದಲ್ಲ ಎಂದರು. ಆ ವಾದದಲ್ಲಿ ಸ್ವಲ್ಪ ಹುರುಳಿತ್ತು. ಫೋಟೋದಲ್ಲಿ ನಾನು ಗಂಭೀರವಾಗಿದ್ದೆ.

ಅಷ್ಟರಲ್ಲಿ ಅಕ್ಕ ಹಾಲಿನ ಕ್ಯಾನು ಹಿಡಿದು ಬಂದರು. ನನ್ನನ್ನು ಕಂಡು ಬಾಗಿಲಲ್ಲೇ ನಿಂತರು. “ಇಲ್ಲಿಗೂ ಬಂದ್ರಾ? ಏನ್ ಬರ್ಕೊಂಡು ಹೋಗಕೆ?”

ವಿಷಯ ಬಿಡಿಸಿ ಹೇಳಿದೆ. ಸೆಕ್ರೆಟರಿ ಬೀರು ತೆಗೆದು ಒಂದು ಕಾರ್ಡು ಹೊರತೆಗೆದರು. ಅಕ್ಕನದೇ ಕಾರ್ಡು, ಚಾಲ್ತಿಯಲ್ಲಿತ್ತು! ಸದಸ್ಯರ ವಂತಿಗೆಯನ್ನು ಹಾಲಿನ ಬಿಲ್ಲಿನಲ್ಲೇ ಹಿಡಿದುಕೊಂಡಿದ್ದರಂತೆ. ಅಕ್ಕ ಅದನ್ನು ಇವರ ಕಳ್ಳತನ ಎಂದು ತಿಳಿದು ಜಗಳವಾಡಿ, ಕಾರ್ಡು ಕೊಡಲು ಬಂದರೆ ಮುಟ್ಟಿರಲಿಲ್ಲ.

ನಾನು ಕಾರ್ಡು ತಿರುಗಿಸಿದೆ. ಕುಟುಂಬದವರ ಹೆಸರು ಬರೆಯುವ ಜಾಗ ಖಾಲಿ.

“ಭಾವನ ಹೆಸರೆಲ್ಲಿ?”

ಸೆಕ್ರೆಟರಿ ಅಕ್ಕನ ಕಡೆ ಕೈ ತೋರಿಸಿದರು. “ಮನೇಲಿ ಯಾರ್ಯಾರನ್ನ ಸೇರ್ಸಣ ಅಂತ ಕೇಳ್ದೆ. ನಾನೊಬ್ಳೇ ಅಂದ್ಲು.”

“ತಲೆಗಿಷ್ಟು ಅಂತ ಹಿಡ್ಕೋತೀರಲ್ಲ, ಅದ್ಕೆ ಅಂದೆ,” ಎಂದರು ಅಕ್ಕ. ಹೇಳಿದ ಮೇಲೆ ಕ್ಯಾನನ್ನು ಕೆಳಗಿಟ್ಟರು. ಏನಾಗಿದೆ ಎಂಬುದು ಅವರಿಗೆ ಆಗ ತಿಳಿಯಿತು. ಕಾರ್ಡಿನಲ್ಲಿ ಹೆಸರಿಲ್ಲದವರಿಗೆ ಯೋಜನೆ ಒಂದು ಪೈಸೆಯನ್ನೂ ಕೊಡುವುದಿಲ್ಲ.

ಇದ್ದದ್ದು ಒಂದೇ ದಾರಿ. ಯೋಜನೆಯ ಹೊಸ ವರ್ಷಕ್ಕೆ ಹೆಸರು ಕಳಿಸುವ ಕೊನೆಯ ದಿನಗಳು ನಡೆಯುತ್ತಿದ್ದವು. ಈಗ ಸೇರಿಸಿದರೆ ಮಳೆಗಾಲ ಶುರುವಾಗುವ ಹೊತ್ತಿಗೆ ಹೊಸ ಕಾರ್ಡು ಜಾರಿಗೆ ಬರುತ್ತದೆ. ಅಲ್ಲಿವರೆಗೆ ಭಾವ ತಡೆಯಬೇಕು. ಡಾಕ್ಟರನ್ನು ಕೇಳಿದೆ. “ಮಾತ್ರೆಯಲ್ಲಿ ತಳ್ಳೋಣ. ತಳ್ಳಬಹುದು. ಗ್ಯಾರಂಟಿ ಕೇಳಬೇಡ,” ಎಂದರು.

ಸೆಕ್ರೆಟರಿ ಭಾವನ ಹೆಸರನ್ನೂ ಮಗುವಿನ ಹೆಸರನ್ನೂ ಸೇರಿಸಿದರು. ಅಕ್ಕ ಪಕ್ಕದಲ್ಲೇ ನಿಂತು, ಪೆನ್ನಿನಲ್ಲಿ ಶಾಯಿ ಇದೆಯೇ ಎಂದು ಕೇಳಿ, ಬರೆಸಿದರು.

ಮುಂದಿನ ಶಿಬಿರಕ್ಕೆ ಇಬ್ಬರೂ ಬಂದರು. ಭಾವನ ಕಾಲು ಊದಿತ್ತು. ಜನ ಕರಗುವವರೆಗೆ ಕಾದು ಅಕ್ಕ ಮೇಜಿನ ಹತ್ತಿರ ಸರಿದರು.

“ತಮ್ಮಾ, ನೀವು ಎಲ್ರ ಥರಾನೂ ಮಾತಾಡ್ತೀರಂತಲ್ಲ. ಆಟೋದೋರು ಹೇಳಿದ್ರು.”

“ಏನೋ, ಸ್ವಲ್ಪ.”

“ಸೆಕ್ರೆಟರಿ ಥರ?”

ಬಾಯಿ ತಡೆಯಲಿಲ್ಲ. ಗಂಟಲು ಸರಿಮಾಡಿಕೊಂಡು, “ಹೇಳಿ, ಹೇಳಿ, ಹೇಳಿ. ಆಡಿಟಾ?” ಎಂದೆ. ಭಾವ ನಕ್ಕರು. ಅಕ್ಕ ನಗಲಿಲ್ಲ, ಇನ್ನೂ ಹತ್ತಿರ ಬಂದರು.

“ಹಂಗೇ ದೊಡ್ಡಾಸ್ಪತ್ರೆಗೊಂದು ಫೋನ್ ಮಾಡಿ. ಇವ್ರೂ ನಮ್ಮ ಸದಸ್ಯರೇ, ಈ ವರ್ಷದ ಕಾರ್ಡಲ್ಲಿ ಹೆಸರು ಕೈತಪ್ಪಿ ಬಿಟ್ಟೋಗಿದೆ ಅನ್ನಿ. ಅಷ್ಟೇ ಸಾಕು. ಯಾರಿಗ್ ಗೊತ್ತಾಗುತ್ತೆ?”

ಫೋನಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅದೇ ತೊಂದರೆ. ದೊಡ್ಡಾಸ್ಪತ್ರೆಯ ಕೌಂಟರಿನವರು ಅನುಮಾನ ಬಂದಾಗ ಸಂಘದ ಸೆಕ್ರೆಟರಿಯನ್ನು ಕೇಳುವುದು ಫೋನಿನಲ್ಲೇ ಎಂಬುದು ನನಗೆ ಗೊತ್ತಿತ್ತು. ಆ ದನಿ ನನ್ನ ಗಂಟಲಲ್ಲಿ ಸಿದ್ಧವಾಗಿತ್ತು. ಶಾಲೆಯ ಫೋನು ಮೇಜಿನ ಮೇಲಿತ್ತು. ಭಾವನಿಗೆ ಆ ನಗುವೇ ಹೆಚ್ಚಾಗಿ, ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತು, ಉಸಿರಿಗಾಗಿ ಬಾಯಿ ತೆರೆದಿದ್ದರು. ಅದನ್ನು ನೋಡುತ್ತಾ ಒಂದು ಕ್ಷಣ ನಾನು ರಿಸೀವರನ್ನು ಎತ್ತಿದ್ದೂ ನಿಜ.

ಕೆಳಗಿಟ್ಟೆ. “ಅಕ್ಕ, ಅಲ್ಲಿ ಅಡ್ಮಿಟ್ ಮಾಡ್ಕೊಂಡ್ ಮೇಲೆ ಕಾರ್ಡನ್ನ ಯೋಜನೆಯೋರ ಪಟ್ಟಿಗೆ ತಾಳೆ ಹಾಕಿ ನೋಡ್ತಾರೆ. ಅಷ್ಟೊತ್ತಿಗೆ ಸಿಕ್ಕಿಬಿದ್ರೆ ಭಾವನ್ನ ಅರ್ಧದಲ್ಲಿ ಹೊರಗೆ ಕಳಿಸ್ತಾರೆ. ಹೊಸ ಕಾರ್ಡಿಗೂ ಕಲ್ಲು ಬೀಳುತ್ತೆ.”

“ನಂಗೊತ್ತಿತ್ತು,” ಎಂದರು ಅಕ್ಕ. “ಆಟಕ್ಕಾದ್ರೆ ಯಾರ ದನಿ ಬೇಕಾದ್ರೂ ಬರುತ್ತೆ. ಕೆಲ್ಸಕ್ಕಾದ್ರೆ ಬರಲ್ಲ.”



ಕಾಯುವ ದಿನಗಳಲ್ಲಿ ನಾನು ಮಾಡಬಹುದಾಗಿದ್ದ ಕೆಲಸ ಒಂದಿತ್ತು. ಪ್ರಶ್ನೆಗಳ ಮಾತನ್ನೇ ಬದಲಾಯಿಸಬೇಕು ಎಂದು ಮೇಡಂಗೆ ಹೇಳಿದೆ. ಪ್ರಶ್ನೆಯ ಸಂಖ್ಯೆ, ಹಿಂದಿನ ಲೆಕ್ಕಾಚಾರ ಯಾವುದನ್ನೂ ಮುಟ್ಟುವುದಿಲ್ಲ, ಓದುವ ಸಾಲು ಮಾತ್ರ. ಅವರು ಕನ್ನಡಕ ಇಳಿಸಿದರು. “ಸೀಮೆಎಣ್ಣೆ ನೆನಪಿದೆಯಾ?” ನೆನಪಿದೆ ಎಂದೆ. ಹದಿನಾಲ್ಕನೇ ಸಾಲಿಗೆ ಡೈರಿ ಎಂದು ಸೇರಿಸಿದ್ದನ್ನು ನೋಡಿ, “ರೋಗಿಗಳು ದಿನಚರಿ ಬರೀತಾರಾ ಅಂತ ಯಾಕೆ ಕೇಳಬೇಕು?” ಎಂದರು. ಮೇಡಂ ಮನೆಗೆ ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ವಿವರಿಸಿದ ಮೇಲೆ ಒಂದು ತಿಂಗಳ ಪರೀಕ್ಷೆಗೆ ಒಪ್ಪಿದರು.

ಸಾಲು ಬದಲಿಸಿ ಉಳಿಸಿದೊಡನೆ ಫಾಂಟ್ ಕೈಕೊಟ್ಟು, ಅಕ್ಷರಗಳ ಜಾಗದಲ್ಲಿ ಏನೇನೋ ಚಿಹ್ನೆ ಬಂದವು. ಪ್ರೋಗ್ರಾಂ ಬರೆದವರು ಫೋನಿನಲ್ಲಿ, ಮುಟ್ಟಬೇಡಿ ಎಂದಿದ್ದೆನಲ್ಲ ಎಂದರು. ಅವರು ಹೇಳಿದ ಫಾಂಟನ್ನೇ ಹಾಕಿ ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ. ಈಗ ನಮ್ಮ ಮೊದಲ ಪ್ರಶ್ನೆ, “ಬೆಳಿಗ್ಗೆ ಎದ್ದು ಏನೇನು ಕೆಲಸ ಮಾಡ್ತೀರಿ?” ಹೌದು, ಇಲ್ಲ ಎರಡೂ ನಡೆಯದ ಪ್ರಶ್ನೆ. ಜನ ಕೆಲಸ ಹೇಳುತ್ತಾ ಹೋಗುವರು, ಹಾಲು, ಬೀಡಿ, ಗೊಬ್ಬರ, ನಾನು ಅವರ ಮಾತು ಕೇಳಿ ಒಳಗಿನ ಪ್ರಶ್ನೆಗಳಿಗೆ ಹೌದು, ಇಲ್ಲ ಒತ್ತುವೆನು. ಹಸಿರು ಅಲ್ಲೊಂದು ಇಲ್ಲೊಂದು ಕಾಣತೊಡಗಿತು, ಸೀಮೆಎಣ್ಣೆಯದಲ್ಲದ ಹಸಿರು. ಅನುಮಾನವೇನೂ ಕಡಿಮೆಯಾಗಲಿಲ್ಲ. “ಹಾಲು ಎಷ್ಟು ಹಾಕ್ತೀನಿ ಅಂತ ನಿಮಗ್ಯಾಕೆ?” ಎನ್ನುತ್ತಲೇ ಹೇಳುತ್ತಿದ್ದರು.

ನಡುವೆ ಭಾವನನ್ನು ಒಮ್ಮೆ ನಮ್ಮಲ್ಲೇ ಮಲಗಿಸಿ, ಮೈಯಲ್ಲಿ ತುಂಬಿದ ನೀರು ಇಳಿಸಿ, ಮನೆಗೆ ಕಳಿಸಿದೆವು. ಅಕ್ಕ ನನ್ನ ಮೇಜಿನ ಮುಂದೆಯೇ ಹಾದುಹೋಗುತ್ತಿದ್ದರು, ತಿರುಗಿ ನೋಡುತ್ತಿರಲಿಲ್ಲ.

ಮಳೆ ಹಿಡಿದ ಮೇಲೆ ಹೊಸ ಕಾರ್ಡು ಬಂತು. ಕಾಗದಗಳನ್ನು ಅವತ್ತೇ ಮಂಗಳೂರಿನ ಆ ದೊಡ್ಡಾಸ್ಪತ್ರೆಗೆ ಕಳಿಸಿದೆ. ಯೋಜನೆಯವರ ಒಪ್ಪಿಗೆ ಅಲ್ಲಿಂದ ನಮ್ಮ ಫ್ಯಾಕ್ಸಿಗೆ ಬಂದ ಸಂಜೆ ಹಾಲಿನ ಹೊತ್ತಿಗೆ ಸರಿಯಾಗಿ ಡೈರಿಗೆ ಫೋನ್ ಮಾಡಿದೆ. ಅಕ್ಕನಿಗೆ ಕೊಟ್ಟರು.

“ಅಕ್ಕ, ಒಪ್ಪಿಗೆ ಬಂತು. ನಾಳೆಯೇ ಹೊರಡಿ.”

ಆ ಕಡೆ ಕ್ಯಾನುಗಳ ಸದ್ದು.

“ಯಾರು ಮಾತಾಡ್ತಿರೋದು?”

“ನಾನೇ ಅಕ್ಕ.”

“ನಾನೇ ಅಂದ್ರೆ? ಈಗ ಯಾರ ಥರ ಮಾತಾಡ್ತಿದೀರಾ?”

“ನನ್ನ ಥರಾನೇ ಅಕ್ಕ!”

“ಅದು ಹೆಂಗಿರುತ್ತೆ ಅಂತ ನಂಗೇನ್ ಗೊತ್ತು?” ಎಂದು ಫೋನಿಟ್ಟರು.

ಆಪರೇಷನ್ ಆಗಿ, ಹೊಲಿಗೆ ಮಾಯ್ದು, ಭಾವ ಮತ್ತೆ ಲೇತಿನ ಮುಂದೆ ನಿಂತದ್ದೆಲ್ಲ ಆಮೇಲಿನ ಮಾತು. ನನಗೆ ನೆನಪಿನಲ್ಲಿ ಉಳಿದಿರುವುದು ಆ ಫೋನಿನ ಮರುದಿನದ ಬೆಳಿಗ್ಗೆ. ಆಸ್ಪತ್ರೆಯ ಬಾಗಿಲು ತೆಗೆಯುವ ಹೊತ್ತಿಗೆ ಇಬ್ಬರೂ ಮೆಟ್ಟಿಲ ಮೇಲಿದ್ದರು. ಭಾವ ಒಗೆದ ಅಂಗಿ ಹಾಕಿದ್ದರು, ಕಾಲ ಬಳಿ ಬಟ್ಟೆಯ ಚೀಲ ತುಂಬಿತ್ತು. ಅಂದರೆ ನಂಬಿಯೇ ಬಂದಿದ್ದರು. ಆದರೂ ಅಕ್ಕ ಕೈ ಚಾಚಿದರು. “ಪೇಪರ್ ಕೊಡಿ ಮೊದ್ಲು.”

ಕೊಟ್ಟೆ. ಇಂಗ್ಲಿಷಿನಲ್ಲಿತ್ತು. ಓದಿ ಹೇಳಲೇ ಎಂದು ಬಾಯಿ ತೆರೆಯುವುದರೊಳಗೆ ಆಕೆ ನನ್ನನ್ನು ದಾಟಿ ಬೆಂಚಿನ ಕಡೆ ಹೋದರು. ಅಲ್ಲಿ ಆಯನೂರಿನ ಒಬ್ಬ ನಿವೃತ್ತ ಮೇಷ್ಟ್ರು, ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು, ಪೇಪರ್ ಓದುತ್ತಿದ್ದರು. ಅಕ್ಕ ಕಾಗದವನ್ನು ಅವರ ಮುಂದೆ ಹಿಡಿದರು.

“ಯಾಕಮ್ಮ, ಆ ಹುಡುಗ ಓದಲ್ವಾ?”

“ಅವ್ರು ಯಾರ ಥರ ಬೇಕಾದ್ರೂ ಓದ್ತಾರೆ. ನೀವು ನಿಮ್ ಥರ ಓದಿ.”

ಮೇಷ್ಟ್ರು ನನ್ನನ್ನೊಮ್ಮೆ ನೋಡಿ, ಕನ್ನಡಕ ಏರಿಸಿ, ಬೆರಳಿಟ್ಟು ಓದಿದರು. ಭಾವನ ಹೆಸರು, ಊರು, ಕಾಯಿಲೆ, ಆಪರೇಷನ್ನಿನ ಹೆಸರು. ಮಂಜೂರಾಗಿದೆ ಎಂದರು.

“ಮಂಜೂರು ಅಂದ್ರೆ ಅವ್ರೇ ಕೊಡ್ತಾರೆ ಅಂತ ತಾನೆ?”

“ಹೌದಮ್ಮ.”

“ಆಪರೇಷನ್ನಿಂದಷ್ಟೂ?”

“ಅಷ್ಟೂ ಅಂತಿದೆ.”

ಅಕ್ಕ ಕಾಗದವನ್ನು ಮಡಚಿ ಎಕ್ಸ್‌ರೇ ಕವರಿನೊಳಗೆ ಇಟ್ಟರು. ಸೆರಗಿನಿಂದ ಮುಖವನ್ನು ಒಂದು ಸಲ ಗಟ್ಟಿಯಾಗಿ ಒರೆಸಿಕೊಂಡರು. ಆಮೇಲೆ, ಮಂಗಳೂರಿನ ಬಸ್ಸು ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರು. ನನ್ನನ್ನಲ್ಲ, ಮೇಷ್ಟ್ರನ್ನು.